ಹೆಸರು ಹಿಡಿದು ಕೂಗು

ಆಳಂದದ ಜಗದೇವಪ್ಪನವರ ತೊಗರಿ ಗೋದಾಮಿನಲ್ಲಿ ಹಮಾಲರ ಮುಕಾದಮ ಲಾಲಸಾಬ ಹೇಳಿದ್ದೇ ಕಾಯಿದೆ. ಅಟ್ಟದ ಮೇಲಿನ ಚೀಲಕ್ಕೆ ಹಗ್ಗ ಬಿಗಿದು ರಾಟೆಯಿಂದ ಇಳಿಸುವಾಗ ಮೇಲಿದ್ದವನಿಗೆ ಕೆಳಗಿನದು ಕಾಣುವುದಿಲ್ಲ. ಅದಕ್ಕೆ ಬಾಗಿಲ ಬಳಿ ಒಬ್ಬರು ನಿಂತು, ಚೀಲದ ಕೆಳಗೆ ಯಾರೇ ಬಂದರೂ ಹೆಸರು ಹಿಡಿದು ಕೂಗಬೇಕು. ಹೆಸರು ಕೇಳಿದವನು 'ಓ' ಎಂದು ಸರಿಯಬೇಕು. ಬರೀ 'ಲೇ' ಎಂದರೆ ನಡೆಯದು. ನನಗಲ್ಲ ಬಿಡು ಎಂದು ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಗಂಡಸರ ಈ ಗುಣ ಲಾಲಸಾಬನಿಗೆ ಚೆನ್ನಾಗಿ ಗೊತ್ತಿತ್ತು.

೧೯೪೮ರ ದೀಪಾವಳಿ ಹೊತ್ತಿಗೆ ರಜಾಕಾರರ ಗಲಾಟೆ ಅಡಗಿ ಸೊಲ್ಲಾಪುರದ ದಾರಿ ಮತ್ತೆ ತೆರೆದು, ಗೋದಾಮಿನ ಮುಂದೆ ಬಂಡಿಗಳು ಸಾಲುಗಟ್ಟಿದವು. ಆಳು ಸಾಲದೆ, ಉದುರಿದ ಕಾಳು ಗುಡಿಸುವ ಮಲ್ಕಮ್ಮನನ್ನು ಕೂಗಲು ನಿಲ್ಲಿಸಿದರು. ಅವಳ ಕಣ್ಣು ಚುರುಕು, ಗಂಟಲು ಅದಕ್ಕಿಂತ ಚುರುಕು. ತೊಡಕು ಒಂದೇ. ಕೆಳಗೆ ಚೀಲದ ಹಗ್ಗ ಬಿಚ್ಚಿಕೊಳ್ಳುವವನು ಅವಳ ಗಂಡ ದತ್ತಪ್ಪ. ಉಳಿದವರನ್ನೆಲ್ಲ ಹೆಸರು ಹಿಡಿದು ಗದರಿಸುವವಳು ಗಂಡನ ಸರದಿ ಬಂದರೆ ಬಳೆ ಕುಲುಕುತ್ತಿದ್ದಳು.

"ಬಳಿ ಸಪ್ಪಳ ಎಷ್ಟ್ ದೂರ ಕೇಳ್ತದವ್ವಾ? ಹೆಸರ ಹೇಳು," ಅಂದ ಲಾಲಸಾಬ.

"ಗಂಡನ ಹೆಸರ ತಗೊಂಡ್ರ ಅವರ ಆಯುಷ್ಯ ಕಮ್ಮಿ ಆಗ್ತದಂತ್ರಿ ಕಾಕಾ. ನಾ ಒಲ್ಲೆ."

ದತ್ತಪ್ಪನೂ ಮೀಸೆ ತಿರುವಿದ. "ನಾಕ ಮಂದ್ಯಾಗ ಹೇಣ್ತಿ ಕಡಿಂದ ಹೆಸರ ಕರಿಸ್ಕೊಂಡು ನಾ ಹ್ಯಾಂಗ ತಿರಗಾಡ್ಲಿ? ಬಳೀನ ಸಾಕು."

ಮಂದಿ ನಕ್ಕರು. ಲಾಲಸಾಬ ನಗಲಿಲ್ಲ. ನಾಳೆ ಇವಳನ್ನು ಬೇರೆ ಕೆಲಸಕ್ಕೆ ಹಾಕಬೇಕು ಎಂದುಕೊಂಡು ಅಟ್ಟ ಹತ್ತಿದ. ನಾಳೆಯವರೆಗೆ ಬಿಡಬಾರದಿತ್ತು.

ಮಧ್ಯಾಹ್ನ ಒಂದು ಚೀಲ ಅರ್ಧ ಇಳಿದಿರುವಾಗ ಹಗ್ಗದ ಗಂಟು ಜಾರತೊಡಗಿತು. ಅದರ ಕೆಳಗೇ ದತ್ತಪ್ಪ ಬಾಗಿಲಿಗೆ ಬೆನ್ನು ಮಾಡಿ, ಬೆವರು ಒರೆಸಿದ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಳ್ಳುತ್ತಿದ್ದ. ಮಲ್ಕಮ್ಮ ಬಳೆ ಕುಲುಕಿದಳು. ಎತ್ತುಗಳ ಗೆಜ್ಜೆ ಸದ್ದಿನಲ್ಲಿ ಅದು ಎಲ್ಲಿ ಕೇಳಬೇಕು? "ಏನ್ರೀ, ಸರೀರಿ" ಎಂದಳು. ಇಬ್ಬರು ಬಂಡಿಯವರು ಸರಿದರು. ದತ್ತಪ್ಪ ಸರಿಯಲಿಲ್ಲ.

"ದತ್ತಪ್ಪಾ..."

ಮಲ್ಕಮ್ಮನ ಕೂಗಿಗೆ ಇಡೀ ಗೋದಾಮು ತಿರುಗಿ ನೋಡಿತು. ದತ್ತಪ್ಪನ ಮುಖ ಕೆಂಪಾಯಿತು. "ಏನಂದ್ಯಬೇ?" ಎನ್ನುತ್ತ, ಅರ್ಧ ಸುತ್ತಿದ ರುಮಾಲು ಜೋತಾಡುತ್ತಿದ್ದಂತೆಯೇ, ಸಿಟ್ಟಿನಿಂದ ಅವಳ ಕಡೆ ದಾಪುಗಾಲು ಹಾಕಿದ. ಅವನ ಹಿಂದೆ, ಅವನು ನಿಂತಿದ್ದ ಜಾಗದಲ್ಲೇ, ಚೀಲ ಬಿದ್ದು ಒಡೆಯಿತು. ತೊಗರಿ ಅವನ ಹಿಮ್ಮಡಿಯವರೆಗೆ ಉರುಳಿ ಬಂತು.

ಮಲ್ಕಮ್ಮ ಕುಸಿದು ಕುಳಿತು ಅಳತೊಡಗಿದಳು. "ನಿಮ್ಮ ಆಯುಷ್ಯ ನಾನೇ ಕಮ್ಮಿ ಮಾಡಿದ್ನಲ್ರೀ."

ದತ್ತಪ್ಪ ಚೆಲ್ಲಿದ ಕಾಳು ನೋಡಿದ, ಹೆಂಡತಿಯನ್ನು ನೋಡಿದ. ಸಿಟ್ಟು ಎಲ್ಲಿ ಹೋಯಿತೋ. ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ.

ಕೆಳಗೇನಾಯಿತೆಂದು ಕಾಣದೆ ಲಾಲಸಾಬ ಅಟ್ಟದ ಮೇಲಿನಿಂದ ಕೂಗಿದ. "ದತ್ತಪ್ಪಾ, ಜೀವಂತ ಅದೀ ಏನೋ? ಹೇಣ್ತಿ ಕರದಾಳ, ಜವಾಬ್ ಕೊಡೋ."

ದತ್ತಪ್ಪ ಜೋತಾಡುತ್ತಿದ್ದ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ. ಆಮೇಲೆ ಅಷ್ಟೂ ಮಂದಿಯ ಮುಂದೆ, ಹೆಂಡತಿಗೆ, "ಓ" ಎಂದ.