ಐವರು ಅತಿಥಿಗಳ ಬಾಗಿಲು

ನಮ್ಮೂರಲ್ಲಿ ದಿನ ನೋಡದೆ ಯಾರೂ ಕುರಿಯ ಉಣ್ಣೆಯನ್ನೂ ಕತ್ತರಿಸುವುದಿಲ್ಲ. ಮಂಗಳವಾರ ದೂರ ಹೊರಡಬಾರದು. ಬುಧವಾರ ಹಿಡಿದ ಕೆಲಸ ಹೂವೆತ್ತಿದ ಹಾಗೆ ಆಗುತ್ತದೆ. ಇರಲಿ, ಇದರಿಂದ ಯಾರ ಮನೆಯೂ ಮುಳುಗಿಲ್ಲ. ಆದರೆ ಏಪ್ರಿಲ್ ನಡುವೆ ‘ಬೆಸ್ ಕೊನಾಕ್’, ಅಂದರೆ ಐವರು ಅತಿಥಿಗಳ ದಿನಗಳು, ಬಂದವೆಂದರೆ ಊರಿಗೆ ಊರೇ ಉಸಿರು ಬಿಗಿಹಿಡಿಯುತ್ತದೆ. ಹೊಸ ಹುಲ್ಲು ತಲೆಯೆತ್ತಿರುತ್ತದೆ, ಒಳ್ಳೆ ಬಿಸಿಲೂ ಇರುತ್ತದೆ. ಆದರೂ ಯಾರೂ ಊರು ದಾಟುವುದಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ತೆಗೆಯುವುದೂ ಇಲ್ಲ. ತಟ್ಟಿದವರು ಮನುಷ್ಯರೋ, ಹಿಂದೆ ಚಳಿಗೆ ಸತ್ತ ಆ ಐವರೋ, ಯಾರಿಗೆ ಗೊತ್ತು?

ನಾನು ಸಾಪಾರ್, ನಮ್ಮ ಆರೋಗ್ಯ ಕೇಂದ್ರದ ಜೀಪು ಓಡಿಸುವವನು. ಇದೇ ಊರಿನ ಹಾಲು ಕುಡಿದು ಬೆಳೆದವನು, ಈ ಭಯ ನೋಡಿ ನಗುವವನಲ್ಲ. ಹೋದ ವರ್ಷ ಆ ದಿನಗಳಲ್ಲಿ ಒಬ್ಬ ಹೆಣ್ಣುಮಗಳ ಜೀವ ಒಂದು ಅಗುಳಿಯ ಮೇಲೆ ನಿಂತಿತ್ತು. ಆ ಸಂಗತಿ ಹೇಳುತ್ತೇನೆ, ಕೇಳಿ.

ಕುಲ್ಯಾಶ್ ನಮ್ಮೂರಿನ ಹಿರಿಯಾಕೆ. ಎಲ್ಲರೂ ಅವರನ್ನು ‘ಅಪಾ’ ಎನ್ನುತ್ತೇವೆ, ತಾಯಿ ಎಂಬ ಗೌರವದಿಂದ. ಅವರ ಮಗ ತಲ್ಗಾತ್, ಸೊಸೆ ಅಕ್‌ಮಾರಲ್. ಸೊಸೆಗೆ ಚೊಚ್ಚಲು ಬಸಿರು, ಎಂಟು ತಿಂಗಳು ತುಂಬಿತ್ತು. ಆ ಬೆಳಿಗ್ಗೆ ತಲ್ಗಾತ್ ಕುರಿದೊಡ್ಡಿಯ ಹಿಂದೆ ನಿಂತು, ತಾಯಿಗೆ ಕೇಳಿಸದ ಹಾಗೆ, ನಮ್ಮ ನರ್ಸ್ ಕಾಮ್‌ಶಾತ್‌ಗೆ ಫೋನ್ ಮಾಡಿದ. ಹೆಂಡತಿಯ ಮುಖ, ಕೈ ಊದಿಕೊಂಡಿವೆ, ತಲೆ ಸಿಡಿಯುತ್ತಿದೆಯಂತೆ, ಕಣ್ಣ ಮುಂದೆ ಏನೋ ಮಿಣುಕುತ್ತಿದೆಯಂತೆ ಎಂದ. ಕಾಮ್‌ಶಾತ್ ಚೀಲ ಎತ್ತಿಕೊಂಡು ಜೀಪು ಹತ್ತಿದಳು.

ಅಪಾ ಅವರ ಮನೆಯ ಮೆಟ್ಟಿಲ ಮೇಲೆ ಐದು ಬಟ್ಟಲು ಸಾಲಾಗಿದ್ದವು. ಸತ್ತ ಐವರಿಗಾಗಿ ಪ್ರತಿ ವರ್ಷ ಇಡುವ ಹಾಲು. ಬಾಗಿಲು ಭದ್ರವಾಗಿತ್ತು. ತಟ್ಟಿದ ಕೂಡಲೇ ಒಳಗಿನ ಮಾತು ನಿಂತಿತು.

“ಅಪಾ, ನಾನು ಕಾಮ್‌ಶಾತ್. ಬಾಗಿಲು ತೆಗೀರಿ.”

ಕಾಮ್‌ಶಾತ್ ಇನ್ನೊಮ್ಮೆ ತಟ್ಟಿದಳು.

“ಒಳಗೆ ಇದೀರ ಅಂತ ಗೊತ್ತು ಅಪಾ, ಒಲೆ ಹೊಗೆ ಬರ್ತಿದೆ.”

“ಕಾಮ್‌ಶಾತ್ ಅಂತ ಯಾರು ಬೇಕಾದ್ರೂ ಹೇಳಬಹುದು,” ಎಂದಿತು ಅಪಾ ಅವರ ಧ್ವನಿ. “ನಿನ್ನ ಮಗನ ತೊಟ್ಟಿಲಿಗೆ ದೃಷ್ಟಿ ತಾಗದ ಹಾಗೆ ನಾನು ಏನು ಕಟ್ಟಿದ್ದೆ, ಹೇಳು ನೋಡೋಣ.”

“ಗೂಬೆ ಗರಿ. ಅದನ್ನ ನಮ್ಮನೆ ನಾಯಿ ಕಚ್ಕೊಂಡು ಓಡಿಹೋಯ್ತು.”

ಅಗುಳಿ ಸರಿಯಿತು. “ನಾಯೀನ ಕಟ್ಟಿ ಹಾಕಬಾರದಿತ್ತಾ?” ಎಂದು ಗೊಣಗುತ್ತ ಅಪಾ ದಾರಿ ಬಿಟ್ಟರು. ಅವರ ಕಣ್ಣು ಮಾತ್ರ ನಮ್ಮ ಬೆನ್ನ ಹಿಂದೆಯೇ ಹುಡುಕುತ್ತಿತ್ತು.

ಅಕ್‌ಮಾರಲ್ ಒಲೆಯ ಪಕ್ಕ ಗೋಡೆಗೆ ಒರಗಿದ್ದಳು. ಕಣ್ಣು ಊತದಲ್ಲಿ ಮುಚ್ಚಿಹೋಗಿದ್ದವು. ಕಾಮ್‌ಶಾತ್ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಇನ್ನೊಮ್ಮೆ ನೋಡಿದಳು. ಹೊರಗೆ ಹೋಗಿ ಪಟ್ಟಣದ ವೈದ್ಯರಿಗೆ ಫೋನ್ ಮಾಡಿ ಬಂದಳು.

“ಈಗಲೇ ಹೊರಡಬೇಕು. ಬಸುರೀಲಿ ರಕ್ತದೊತ್ತಡ ಹೀಗೆ ಏರಿದ್ರೆ ಮನೇಲಿ ಇಟ್ಕೋಬಾರದು. ಅವರೂ ಆಂಬುಲೆನ್ಸ್ ಕಳಿಸ್ತಾರೆ, ದಾರೀಲಿ ಸಿಗುತ್ತೆ.”

“ನಾಡಿದ್ದು ಹೋಗಲಿ,” ಎಂದರು ಅಪಾ. “ಐವರು ಹೋಗಿಬಿಡ್ಲಿ. ಆಮೇಲೆ ನಾನೇ ಕಳಿಸ್ತೀನಿ.”

“ಅಷ್ಟರಲ್ಲಿ ಫಿಟ್ಸ್ ಬರಬಹುದು ಅಪಾ. ಬಂದ್ರೆ ತಾಯಿ, ಮಗು ಇಬ್ಬರೂ ಕೈತಪ್ಪಿ ಹೋಗಬಹುದು. ಕಾಯಿಲೆಗೆ ಈ ದಿನ ಆ ದಿನ ಅಂತ ಇಲ್ಲ.”

“ನನಗೆ ಪಾಠ ಹೇಳಬೇಡ. ಹೊರಡೋರು ಯಾರ್ಯಾರು? ನೀನು, ಈ ಜೀಪಿನವನು, ನನ್ನ ಮಗ, ಸೊಸೆ. ಇವಳನ್ನ ನಿಮ್ಮ ಕೈಗೆ ಕೊಟ್ಟು ನಾನಿಲ್ಲಿ ಕೂತಿರ್ತೀನಾ? ನಾನೂ ಬರಬೇಕು. ಎಷ್ಟಾಯ್ತು?”

ಐದಾಗಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದೆ.

“ಹಾಗಾದ್ರೆ ನಾನು ಇಲ್ಲೇ ಉಳೀತೀನಿ,” ಎಂದ ತಲ್ಗಾತ್, ಮುಖ ಸಣ್ಣಗೆ ಮಾಡಿಕೊಂಡು.

ಅಕ್‌ಮಾರಲ್ ಕಷ್ಟಪಟ್ಟು ಕಣ್ಣು ತೆರೆದಳು. “ಹೊಟ್ಟೇಲಿರೋದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ವಲ್ಲ,” ಎಂದಳು.

ಕಾಮ್‌ಶಾತ್ ಜಗಳಕ್ಕೆ ಇಳಿಯಲಿಲ್ಲ. ಆಕೆಯ ಆ ಗುಣ ನನಗೆ ಇಷ್ಟ. ವೈದ್ಯರು ಹೇಳಿದ ಇಂಜೆಕ್ಷನ್ ತುಂಬಿಕೊಳ್ಳುತ್ತ, “ಅಪಾ, ಆ ಐವರ ಕತೆ ನನಗೆ ಸರಿಯಾಗಿ ಗೊತ್ತಿಲ್ಲ. ಇದನ್ನ ಕೊಡೋವರೆಗೆ ಹೇಳಿ,” ಎಂದಳು.

ಕತೆ ಕೇಳಿದರೆ ಅಪಾ ಇಲ್ಲವೆನ್ನುವವರಲ್ಲ. “ಐದು ಜನ ದಾರಿಹೋಕರು ವಸಂತ ಬಂತು ಅಂತ ನಂಬಿ ತೆಳ್ಳಗೆ ಬಟ್ಟೆ ಹಾಕ್ಕೊಂಡು ಹೊರಟಿದ್ರು. ಇದ್ದಕ್ಕಿದ್ದ ಹಾಗೆ ಹಿಮಗಾಳಿ ಎದ್ದಿತು. ಒಂದು ಊರು ಸಿಕ್ಕಿತು. ಮನೆ ಮನೆ ಬಾಗಿಲು ತಟ್ಟಿದ್ರು. ಗುರುತು ಪರಿಚಯ ಇಲ್ಲ ಅಂತ ಯಾರೂ ತೆಗೀಲಿಲ್ಲ. ಬೆಳಗಾದಾಗ ಊರ ಹೊರಗೆ ಐವರೂ ಒಬ್ಬರಿಗೊಬ್ಬರು ಅಂಟ್ಕೊಂಡು ಮರಗಟ್ಟಿದ್ರು. ಅವತ್ತಿಂದ ಪ್ರತಿ ವರ್ಷ ಅವರು ಬರ್ತಾರೆ, ಚಳಿ ಹೊತ್ಕೊಂಡು. ನಮ್ಮಣ್ಣನ್ನ ಕರ್ಕೊಂಡು ಹೋದೋರೂ ಅವರೇ.”

“ನಿಮ್ಮಣ್ಣನ್ನಾ?”

“ಕುದುರೆ ತಪ್ಪಿಸ್ಕೊಂಡಿದ್ವು, ಹುಡುಕ್ಕೊಂಡು ಹೋಗಿದ್ದ. ಇದೇ ದಿನಗಳು. ಕಾರಾಸು ತಿರುವಿನ ಕುರಿಹಟ್ಟಿ ಇದೆಯಲ್ಲ, ಅದರ ಗೋಡೆ ಬುಡದಲ್ಲಿ ಸಿಕ್ಕಿದ. ನಾನು ಆಗ ಇಷ್ಟುದ್ದ ಹುಡುಗಿ.”

“ಗೋಡೆ ಬುಡದಲ್ಲಾ? ಮನೆ ಅಷ್ಟು ಹತ್ತಿರ ಇತ್ತಲ್ಲ ಅಪಾ. ಬಾಗಿಲು ತಟ್ಟಲಿಲ್ವಾ?”

ಅಪಾ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡರು. “ತಟ್ಟಿದ. ಮಣ್ಣು ಮಾಡೋ ದಿನ ಆ ಮನೆಯವರೇ ಬಂದು ಅತ್ತುಬಿಟ್ರು. ತಟ್ಟಿದ್ದು ಕೇಳಿಸ್ತಂತೆ. ಆ ಸತ್ತ ಐವರೇ ಇರಬೇಕು ಅಂತ ಹೆದರಿ ಅಗುಳಿ ತೆಗೀಲಿಲ್ವಂತೆ.”

ಈ ಮಾತನ್ನು ಅಪಾ ಮಗನಿಗೂ ಹೇಳಿರಲಿಲ್ಲ. ತಲ್ಗಾತ್ ತಾಯಿಯನ್ನೇ ನೋಡುತ್ತ ನಿಂತಿದ್ದ.

ಅಕ್‌ಮಾರಲ್ ಮೆಲ್ಲಗೆ ಹೇಳಿದಳು, “ಅತ್ತೆ, ನಾವು ಹಾಲು ಹೊರಗೆ ಇಡ್ತೀವಿ, ಬಾಗಿಲು ಒಳಗಿಂದ ಹಾಕ್ಕೋತೀವಿ. ಅವರು ಬೇಡಿದ್ದು ಹಾಲಲ್ಲ ಅಲ್ವಾ?”

ಅಪಾ ಸೊಸೆಯ ಊದಿದ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಒತ್ತಿ ನೋಡಿದರು. ಬೆರಳು ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದರು.

“ತಲ್ಗಾತ್, ಆ ದಪ್ಪ ಕಂಬಳಿ ತಗೋ. ಸಲಿಕೆ ತಗೋ. ಥರ್ಮಾಸಿಗೆ ಚಹಾ ತುಂಬು. ಏಯ್ ಜೀಪಿನವನೇ, ಬಾಯಿ ಬಿಟ್ಕೊಂಡು ನೋಡ್ತೀಯಲ್ಲ, ದಾರೀಲಿರೋ ಹಟ್ಟಿಗಳಿಗೆಲ್ಲ ಫೋನ್ ಮಾಡು. ನಾವು ಬರ್ತಿದೀವಿ, ದೀಪ ಹಚ್ಚಿಡಿ ಅನ್ನು. ಸತ್ತೋರ ಮಾತು ಬಿಡಿ, ಗಾಳಿ ಏಳೋದಂತೂ ನಿಜ.”

“ಅದು ನಿಜ ಅಪಾ,” ಎಂದಳು ಕಾಮ್‌ಶಾತ್. “ಅದಕ್ಕೆ ತಯಾರಾಗಿಯೇ ಹೋಗೋಣ.”

ಹೊರಟಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಬೆಟ್ಟದ ಕಡೆಯಿಂದ ಗಾಳಿ ಬಂತು, ಬೆನ್ನಿಗೇ ಹಿಮ. ನನ್ನ ಮುಂದಿನ ಗಾಜಿನಾಚೆ ದಾರಿ ಕಾಣದಾಯಿತು. ಹಿಂದಿನ ಸೀಟಿನಲ್ಲಿ ಅಕ್‌ಮಾರಲ್ ನರಳುತ್ತಿದ್ದಳು. ಕಾಮ್‌ಶಾತ್ ಅವಳನ್ನು ಎಡಮಗ್ಗುಲಿಗೆ ಮಲಗಿಸಿ ನಾಡಿ ಹಿಡಿದು ಕೂತಿದ್ದಳು. ಆಂಬುಲೆನ್ಸಿನವರು ಫೋನ್ ಮಾಡಿ, ಹಿಮ ಸರಿಸುವ ಯಂತ್ರದ ಹಿಂದೆ ಬರುತ್ತಿದ್ದೇವೆ, ಕಾರಾಸು ತಿರುವಿನಲ್ಲಿ ಕಾಯಿರಿ ಎಂದರು. ಅಷ್ಟು ಹೇಳಿದ್ದೇ ತಡ, ಫೋನ್ ಸತ್ತುಹೋಯಿತು. ತಿರುವಿಗೆ ಬರುತ್ತಲೇ ಜೀಪು ಹಿಮದಲ್ಲಿ ಹೊಟ್ಟೆಮಟ್ಟ ಹೂತು ನಿಂತಿತು.

ಸಲಿಕೆಯಿಂದ ತೋಡಿದಷ್ಟೂ ಗಾಳಿ ತಂದು ತುಂಬುತ್ತಿತ್ತು. ಆಗ ಬಲಗಡೆ ಒಂದು ದೀಪ ಕಂಡಿತು. ನಾನು ಹೇಳುವ ಮೊದಲೇ ಅಪಾ ಅವರಿಗೆ ಅದು ಯಾವ ಮನೆಯೆಂದು ಗೊತ್ತಾಗಿತ್ತು. ಅಣ್ಣ ಸತ್ತ ಮೇಲೆ ಅವರು ಆ ಮನೆಯ ಹೊಸ್ತಿಲು ತುಳಿದವರಲ್ಲ. ನಾನು ಬೆಳಿಗ್ಗೆ ಫೋನ್ ಮಾಡಿದಾಗ ಅಲ್ಲಿ ಯಾರೂ ಎತ್ತಿರಲೂ ಇಲ್ಲ.

“ನಡೀರಿ,” ಎಂದರು ಅಪಾ.

ಅಕ್‌ಮಾರಲ್‌ಳನ್ನು ಕಂಬಳಿಯಲ್ಲಿ ಮಲಗಿಸಿ ನಾನೂ ತಲ್ಗಾತನೂ ಹೊತ್ತೆವು. ಕಾಮ್‌ಶಾತ್ ಪಕ್ಕದಲ್ಲಿ, ಅಪಾ ಎಲ್ಲರಿಗಿಂತ ಮುಂದೆ. ಹಿಮದಲ್ಲಿ ಐವರು, ಇಂಥ ದಿನ, ಇಂಥ ಬಾಗಿಲಿಗೆ. ಒಳಗಿನವರು ಕಿಟಕಿಯಿಂದ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ತೆಗೆಯದಿದ್ದರೆ ಏನು ಗತಿ ಎನ್ನುವ ಹೆದರಿಕೆ ನನಗೆ ಚಳಿಗಿಂತ ಹೆಚ್ಚಾಗಿತ್ತು.

ಅಪಾ ಬಾಗಿಲ ಮುಂದೆ ನಿಂತರು. ತಟ್ಟಲು ಕೈ ಎತ್ತಿದರು. ಬೆರಳು ತಾಗಿದ್ದಷ್ಟೇ, ಬಾಗಿಲು ತಾನಾಗಿ ಹಿಂದಕ್ಕೆ ಸರಿಯಿತು. ಅಗುಳಿ ಹಾಕಿರಲಿಲ್ಲ.

ಒಳಗೆ ಒಲೆ ಉರಿಯುತ್ತಿತ್ತು. ನೆಲದ ಮೇಲೆ ಹಾಸಿದ ಊಟದ ಬಟ್ಟೆಯ ಮೇಲೆ ಐದು ಬಟ್ಟಲು ಬೋರಲಾಗಿ ಕಾದಿದ್ದವು, ಪಕ್ಕದಲ್ಲಿ ಬೌರ್ಸಾಕ್, ಅಂದರೆ ಕರಿದ ಹಿಟ್ಟಿನುಂಡೆ. ಮನೆಯ ಹೆಂಗಸು ರಾಬಿಗಾ ಒಲೆಯ ಬಳಿಯಿಂದ ಎದ್ದು ಬಂದಳು. ಯಾರು, ಎಲ್ಲಿಂದ, ಒಂದನ್ನೂ ಕೇಳಲಿಲ್ಲ.

“ಬೆಚ್ಚಗಿರೋ ಕಡೆ ಮಲಗಿಸಿ ಅವಳನ್ನ. ಬೂಟು ಬಿಚ್ಚಿ,” ಎಂದಳು.

ಎಲ್ಲರೂ ಕೂತ ಮೇಲೆ ಅಪಾ ಕೇಳಿದರು, “ಈ ದಿನಗಳಲ್ಲಿ ನೀವು ಅಗುಳಿ ಹಾಕಲ್ವಾ?”

“ಇಲ್ಲ ಅಮ್ಮ. ನಮ್ಮ ಮಾವ ಕಟ್ಟಪ್ಪಣೆ ಮಾಡಿ ಹೋಗಿದಾರೆ. ಅವರ ಅಪ್ಪನ ಕಾಲದಲ್ಲಿ ಒಬ್ಬ ಹುಡುಗ ಈ ಬಾಗಿಲು ತಟ್ಟಿದ್ನಂತೆ, ಹೆದರಿ ತೆಗೀಲಿಲ್ವಂತೆ. ಆ ಕೊರಗಲ್ಲೇ ಹಿರಿಯರು ಹೋದ್ರು. ಗೋಡೆ ಹತ್ರ ಅವನು ಬಿದ್ದಿದ್ದ ಜಾಗದಲ್ಲಿ ಕಂಬ ನೆಟ್ಟು ದೀಪ ಕಟ್ಟಿದೀವಿ. ನೀವು ಅದನ್ನೇ ನೋಡ್ಕೊಂಡು ಬಂದಿರಬೇಕು.”

ಅಪಾ ಆ ಹೆಂಗಸಿನ ಮುಖ ನೋಡಿದರು. “ಅವನು ನಮ್ಮಣ್ಣ,” ಎಂದರು.

ರಾಬಿಗಾ ಚಹಾದ ಪಾತ್ರೆ ಹಿಡಿದುಕೊಂಡೇ ಹತ್ತಿರ ಬಂದಳು. ಅಪಾ ಅದನ್ನು ಇಸಿದುಕೊಂಡು ಕೆಳಗಿಟ್ಟು, ಅವಳನ್ನು ಎದೆಗೊತ್ತಿಕೊಂಡರು. ಇಬ್ಬರೂ ಅತ್ತರು. ಇಂಥ ಅಳು ಎಷ್ಟೋ ವರ್ಷ ಮೊದಲೇ ಆಗಬೇಕಿತ್ತು ಅನ್ನಿಸಿತು ನನಗೆ.

ಕತ್ತಲಾಗುವ ಮೊದಲು ಯಂತ್ರದ ಸದ್ದು ಕೇಳಿಸಿತು, ಹಿಂದೆಯೇ ಆಂಬುಲೆನ್ಸ್. ಮಾರನೆಯ ದಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು ಮಗು, ಅಂಗೈ ಅಗಲ. ಒಂದಷ್ಟು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದರು. ಇನ್ನೂ ತಡಮಾಡಿದ್ದರೆ ನಾವು ತಾಯಿ, ಮಗು ಇಬ್ಬರನ್ನೂ ಮಣ್ಣಿಗೆ ಕೊಡಬೇಕಾಗುತ್ತಿತ್ತು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಹೋಗುವಾಗ ಐವರು ಎಂದು ಎಣಿಸಿದ್ದೆವು, ಅಕ್‌ಮಾರಲ್‌ಳ ಲೆಕ್ಕವೇ ಸರಿಯಾಯಿತು.

ಈ ವರ್ಷ ಐವರು ಅತಿಥಿಗಳ ದಿನ ಬಂದಾಗ ನಾನು ಅಪಾ ಅವರ ಮನೆ ಮುಂದೆ ಹಾದುಹೋದೆ. ಮೆಟ್ಟಿಲ ಮೇಲೆ ಬಟ್ಟಲು ಕಾಣಲಿಲ್ಲ. ಮರೆತರೋ ಏನೋ ಎಂದು ಬಾಗಿಲು ತಟ್ಟಲು ಹೋದೆ, ಅದು ಸರಿದುಕೊಂಡಿತು. ಬಟ್ಟಲುಗಳು ಒಳಗೆ, ಒಲೆಯ ಹತ್ತಿರ ಇದ್ದವು. ಮೊಮ್ಮಗಳು ಒಂದನ್ನು ಎತ್ತಿ ನೆಲಕ್ಕೆ ಕುಟ್ಟುತ್ತಿದ್ದಳು.

“ತಟ್ಟೋದು ಯಾಕೆ?” ಎಂದರು ಅಪಾ. “ಒಳಗೆ ಬಾ.”

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲಿ ಆ ದಿನಕ್ಕೆ ಬೇರೆ ಹೆಸರಿರಬಹುದು. ಹಿರಿಯರು ಯಾವ ದಿನವನ್ನೂ ಸುಮ್ಮನೆ ಗುರುತು ಮಾಡಿಟ್ಟವರಲ್ಲ. ಅದರ ಹಿಂದೆ ಒಂದು ಚಳಿ, ಒಂದು ಸಾವು, ಒಂದು ಪಶ್ಚಾತ್ತಾಪ ಇರುತ್ತದೆ. ಆ ಕತೆಯನ್ನು ಕೊನೆಯವರೆಗೂ ಕೇಳಿ, ಅರ್ಧ ಕೇಳಿ ಹೆದರಬೇಡಿ. ಅದು ಹೇಳುವ ಎಚ್ಚರಿಕೆಯನ್ನು ಚೀಲದಲ್ಲಿ ಹಾಕಿಕೊಳ್ಳಿ, ಕಂಬಳಿಯ ಜೊತೆಗೆ. ಮನೆಯಲ್ಲಿ ಬಸುರಿ ಹೆಂಗಸಿನ ಮುಖ, ಕೈ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ದಿನ ನೋಡಬೇಡಿ, ಗಳಿಗೆ ಕೇಳಬೇಡಿ. ನರ್ಸಿಗೆ ಹೇಳಿ, ಆಸ್ಪತ್ರೆಗೆ ಹೊರಡಿ. ನಿಮ್ಮ ಬಾಗಿಲಿಗೆ ಯಾರಾದರೂ ಕಷ್ಟದಲ್ಲಿ ಬಂದರೆ, ಅವತ್ತು ಎಂಥ ದಿನವೇ ಆಗಿರಲಿ, ಮೊದಲು ಅಗುಳಿ ತೆಗೆಯಿರಿ.