ಬಿದಿರು ಬೆನ್ನಿನ ಬಿಲ್ಲು

ಸುರಪುರದ ಮಾನಪ್ಪ ಬಡಿಗೇರ ಮೊದಲು ಬಾಗಿಲು, ಮಂಚ ಮಾಡಿಕೊಂಡಿದ್ದವನು. ಆರು ವರ್ಷಗಳ ಹಿಂದೆ ಶಹಾಪುರದ ವಿಶ್ವರಾಧ್ಯ ಮಾಸ್ತರರು ಮುರಿದ ಬಿಲ್ಲೊಂದನ್ನು ತಂದು ಅವನ ಮುಂದಿಟ್ಟು, "ಇಂಥಾದೊಂದು ಮಾಡಾಕ ಬರ್ತದೇನು?" ಎಂದು ಕೇಳಿದ್ದರು. ನಿವೃತ್ತರಾದ ಮೇಲೆ ಅವರು ಭೀಮರಾಯನಗುಡಿಯ ಖಾಲಿ ಬಯಲಿನಲ್ಲಿ ಹುಡುಗಿಯರಿಗೆ ಬಿಲ್ಲು ಹಿಡಿಯುವುದನ್ನು ಕಲಿಸುತ್ತಿದ್ದರು. ಅಂದಿನಿಂದ ಆ ಮನೆಯಲ್ಲಿ ಕೆಲಸ ಎರಡು ಪಾಲಾಯಿತು. ಜಾಲಿ ಕಟ್ಟಿಗೆ ಕೊಯ್ದು, ಬಿದಿರು ಸೀಳಿ ಸಮ ಮಾಡುವುದು ಮಾನಪ್ಪನ ಪಾಲು. ಜಾಲಿಯ ಬೆನ್ನಿಗೆ ಬಿದಿರಿನ ಪಟ್ಟಿ ಅಂಟಿಸಿ, ಕಾಯಿಸಿ, ಗಟ್ಟಿಯಾಗುವ ತನಕ ಕಾಯುವುದು ಅವನ ಹೆಂಡತಿ ಮೌನಮ್ಮನ ಪಾಲು. ಅಂಟಿನ ವಾಸನೆಗೆ ತನಗೆ ತಲೆ ಹಿಡಿಯುತ್ತದೆ ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ. ಅವಳ ತಲೆಯ ಬಗ್ಗೆ ಯಾರೂ ಕೇಳಿರಲಿಲ್ಲ.

ಈ ವರ್ಷ ಯುಗಾದಿ ಹೊತ್ತಿಗೆ ಮೌನಮ್ಮನ ಕೈಗೆ ಅಂಟು ಆಗಿಬರದಂತಾಯಿತು. ಮೊದಲು ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಮಣಿಕಟ್ಟಿನ ತನಕ ನೀರುಗುಳ್ಳೆ. ಒಡೆದರೆ ಉರಿ, ಒಣಗಿದರೆ ಬಿರುಕು. ರೊಟ್ಟಿ ಬಡಿಯುವಾಗ ಹಲ್ಲು ಕಚ್ಚಿಕೊಂಡೇ ಬಡಿಯುತ್ತಿದ್ದಳು. ಡಾಕ್ಟರಮ್ಮ ಎರಡೂ ಕೈ ತಿರುಗಿಸಿ ನೋಡಿ, "ಆ ಅಂಟು ಇನ್ನ ಮುಟ್ಟಬ್ಯಾಡ್ರಿ. ಗ್ಲೌಸ್ ಹಾಕ್ಕೊಂಡು ಸುದ್ದಾ ಬ್ಯಾಡ," ಎಂದು ಮುಲಾಮು ಬರೆದುಕೊಟ್ಟರು.

"ಇದೊಂದು ಮುಗಿಸಿ ಬಿಡ್ತೀನಿ," ಎಂದಳು ಮೌನಮ್ಮ ಮನೆಗೆ ಬಂದು.

ಇದೊಂದು ಎಂದರೆ ಪವಿತ್ರಾಳ ಬಿಲ್ಲು. ಮಾಸ್ತರರ ಹತ್ತಿರ ಕಲಿಯುತ್ತಿದ್ದ ಹುಡುಗಿ; ಕುರಿ ಸಾಕುವ ಮನೆಯವಳು. ಅವಳ ಹಳೆಯ ಬಿಲ್ಲು ಸೀಳಿತ್ತು. ಬರುವ ಭಾನುವಾರ ಯಾದಗಿರಿಯಲ್ಲಿ ಜಿಲ್ಲಾ ತಂಡದ ಆಯ್ಕೆಯಿತ್ತು. ಮಾನಪ್ಪ "ಹೂಂ" ಎಂದ.

ಸೋಮವಾರ ಬೆಳಿಗ್ಗೆ ಅವಳು ಒಂದರ ಮೇಲೊಂದು ಎರಡು ಜೋಡಿ ಗ್ಲೌಸ್ ತೊಟ್ಟು ಕೂತಳು. ಬಿದಿರಿನ ಒಳಮೈಯನ್ನು ಗರಗಸದ ಚೂರಿನಿಂದ ಗೀರಿ, ಜಿಡ್ಡು ಉಳಿಯದಂತೆ ಥಿನ್ನರ್ ಹಚ್ಚಿ ಒರೆಸಿದಳು. ಎರಡು ಡಬ್ಬಿಯ ಅಂಟನ್ನು ಸಮ ಸಮ ಬೆರೆಸಿ ಬಳಿದಳು. ಬಿದಿರು, ಜಾಲಿ ಎರಡನ್ನೂ ಕೂಡಿಸಿ, ಬಾಗಿದ ಅಚ್ಚಿನ ಮೇಲಿಟ್ಟು, ಸೈಕಲ್ ಟ್ಯೂಬಿನ ಪಟ್ಟಿಯಿಂದ ತುದಿಯಿಂದ ತುದಿಗೆ ಎಳೆದೆಳೆದು ಸುತ್ತಿದಳು. ಅದನ್ನು ಬಲ್ಬುಗಳಿರುವ ಉದ್ದನೆಯ ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ, ಆರು ತಾಸಿನ ಕಾವಿಗೆ ಅಂಟು ಕಲ್ಲಾಗಬೇಕು.

ಹನ್ನೊಂದಕ್ಕೆ ಕರೆಂಟು ಹೋಯಿತು. ಗಂಡ ಹೆಂಡತಿ ಅಚ್ಚನ್ನು ಮಾಳಿಗೆಗೆ ಹೊತ್ತು ತಂದು, ಬಿಸಿಲಲ್ಲಿಟ್ಟು, ಕರಿ ಪ್ಲಾಸ್ಟಿಕ್ ಹೊದಿಸಿದರು. ಮಾನಪ್ಪ ಇಳಿದು ಹೋದ. ಮೌನಮ್ಮ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ಅರ್ಧ ತಾಸಿಗೊಮ್ಮೆ ಎದ್ದು ಹೋಗಿ ಅಚ್ಚಿನ ಮಗ್ಗುಲು ಬದಲಿಸಿ, ಥರ್ಮಾಮೀಟರ್ ನೋಡಿ ಬರುತ್ತಿದ್ದಳು. ಪ್ರತಿ ಸಲ ಏಳುವಾಗಲೂ ಇನ್ನೊಮ್ಮೆ ಏಳಲಾರೆ ಅನ್ನಿಸುತ್ತಿತ್ತು. ಆದರೂ ಹೊತ್ತು ಮುಳುಗುವ ತನಕ ಎದ್ದಳು.

ಬುಧವಾರ ಮಾನಪ್ಪ ಬಿಲ್ಲನ್ನು ಕೆತ್ತಿ ತೆಳ್ಳಗೆ ಮಾಡಿ, ದಾರ ಕಟ್ಟಿ, ಗೋಡೆಯ ಗೂಟಕ್ಕೆ ಸಿಕ್ಕಿಸಿ ಎಳೆದ. ನಾಲ್ಕನೇ ಎಳೆತಕ್ಕೆ ಟಿಕ್ ಎಂದಿತು. ಹಿಡಿಕೆಯಿಂದ ಗೇಣು ದೂರದಲ್ಲಿ ಬಿದಿರು ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು.

"ತೆಳು ಅಂಟು ಇಳಿಸಿ ಮ್ಯಾಲ ದಾರ ಸುತ್ತಿದ್ರ ಆತು. ಯಾರಿಗೂ ತಿಳಿಯಂಗಿಲ್ಲ," ಎಂದ.

ಮೌನಮ್ಮ ಆ ಸಂದಿಗೆ ಚಾಕು ತೂರಿಸಿ ಎತ್ತಿದಳು. ಬಿದಿರು ಸಲೀಸಾಗಿ ಮೇಲೆದ್ದಿತು. ಅಡಿಯಲ್ಲಿ ಅಂಟು ಕಚ್ಚದೆ ಉಳಿದ, ನುಣ್ಣಗೆ ಹೊಳೆಯುವ ನಾಲ್ಕು ಕಲೆಗಳಿದ್ದವು. ಅವುಗಳ ಮೇಲೆ ತನ್ನ ಬೆರಳುಗಳನ್ನು ಹಿಡಿದು ನೋಡಿದಳು. ಸರಿಯಾಗಿ ಕೂತವು. ಸೋಮವಾರ ಥಿನ್ನರ್‌ನಿಂದ ಒರೆಸಿಯಾದ ಮೇಲೆ ಫೋನ್ ಬಂದಿತ್ತು. ಗ್ಲೌಸ್ ತೆಗೆದು ಮಾತಾಡಿ, ಬರಿಗೈಯಲ್ಲೇ ಬಿದಿರನ್ನು ಅತ್ತ ಸರಿಸಿದ್ದಳು.

"ಮುಲಾಮು," ಎಂದಳು. "ನನ್ನ ಕೈಯಾಂದು."

"ಉಳಿದದ್ದೆಲ್ಲ ಗಟ್ಟಿ ಅದ ಅಲ್ಲೇನು?"

"ಆ ಹುಡುಗಿ ದಾರ ಗಲ್ಲದ ತನಕ ಎಳೀತಾಳ್ರಿ. ಕಿತ್ತು ಬಂದ್ರ ಮಾರಿಗೇ ಬಡೀತದ."

ಗರಗಸ ತಂದು ಬಿಲ್ಲನ್ನು ತಾನೇ ನಡುವಿಗೆ ಕೊಯ್ದಳು. ಮಾಸ್ತರರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು, "ಶನಿವಾರ ಸಂಜಿ ತನಕ ಹಾದಿ ನೋಡ್ತೀನವ್ವ. ಇಲ್ಲಂದ್ರ ಈ ವರ್ಷ ಬಿಡೋದೇ," ಎಂದರು. ಫೋನ್ ಇಟ್ಟವಳು ಅಲ್ಲೇ ಗೋಡೆಗೆ ಒರಗಿ ಕೂತಳು. ಅಳು ಬರಲಿಲ್ಲ. ಏಳಲು ಕಾರಣ ಮಾತ್ರ ಒಂದೂ ಹೊಳೆಯಲಿಲ್ಲ.

ಅಂದು ಮಧ್ಯಾಹ್ನ ಮಾನಪ್ಪ ಹೊಸದಾಗಿ ಜಾಲಿ ಕೊಯ್ದು, ಇನ್ನೊಂದು ಬಿದಿರು ಸೀಳಿದ. ಗುರುವಾರ ಬೆಳಿಗ್ಗೆ ಅವಳ ಗ್ಲೌಸಿಗೆ ತನ್ನ ದಪ್ಪ ಬೆರಳು ತುರುಕಿಕೊಂಡು, ಮೂಗಿಗೆ ಟವೆಲ್ ಕಟ್ಟಿಕೊಂಡು ಬಂದು ಕೂತ.

"ಹೇಳು," ಎಂದ.

"ಏನು?"

"ಹ್ಯಾಂಗಂತ ಹೇಳು. ನಾ ಹಚ್ತೀನಿ."

ಅವಳು ವಾಸನೆ ತಾಗದಂತೆ ಹೊಸ್ತಿಲಾಚೆ ಕೂತು ಒಂದೊಂದಾಗಿ ಹೇಳತೊಡಗಿದಳು. ಎಷ್ಟು ಆಳ ಗೀರಬೇಕು, ಅಂಟು ಯಾವ ಬಣ್ಣಕ್ಕೆ ತಿರುಗಿದರೆ ಬೆರೆತಂತೆ, ಪಟ್ಟಿ ಎಲ್ಲಿ ಬಿಗಿ ಎಲ್ಲಿ ಸಡಿಲು. ಅವನು ತಪ್ಪಿದಾಗಲೆಲ್ಲ ಅವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಅದನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಪಟ್ಟಿ ಸುತ್ತುವ ಹೊತ್ತಿಗೆ ಮಾನಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಆರು ವರ್ಷ ಇದನ್ನ ಹ್ಯಾಂಗ ಮಾಡ್ದಿ ನೀ?" ಎಂದ.

ಮೌನಮ್ಮನಿಗೆ ಒಮ್ಮೆಲೇ ಸಿಟ್ಟು ಬಂತು. ಆದರೆ ಅದನ್ನು ಪೂರ್ತಿ ಆಡುವಷ್ಟು ತ್ರಾಣ ಇರಲಿಲ್ಲ. "ಆವಾಗ ಕೇಳಿದ್ರ ಹೇಳ್ತಿದ್ದೆ," ಎಂದಷ್ಟೇ ಅಂದಳು. ಅವನು ಕೊನೆಯ ಸುತ್ತು ಬಿಗಿದು ಗಂಟು ಹಾಕಿದ.

ಅಂದು ಕರೆಂಟು ಹೋಗಲಿಲ್ಲ. ಪೆಟ್ಟಿಗೆಯ ಕಾವು ನೋಡಲು ಅವನೇ ಎದ್ದೆದ್ದು ಹೋದ.

ಶನಿವಾರ ಮಧ್ಯಾಹ್ನ ಬಿಲ್ಲು ತಯಾರಾಯಿತು. ಅಂಚಿನಲ್ಲಿ ಅಂಟು ಅಲ್ಲಲ್ಲಿ ಗಂಟುಗಟ್ಟಿತ್ತು, ನೋಡಲು ಚೆಂದವಿರಲಿಲ್ಲ. ಪವಿತ್ರಾ ಬಸ್ಸಿಗೆ ಬಂದು, ಅಂಗಳದಲ್ಲಿ ನಿಂತು ದಾರ ಏರಿಸಿ ಎಳೆದಳು. ಮೌನಮ್ಮ ಕಣ್ಣು ಮುಚ್ಚಿ ಕಿವಿ ಕೊಟ್ಟು ಎಣಿಸಿದಳು. ಮೂವತ್ತು ಸಲ ಎಳೆದರೂ ಬಿಲ್ಲು ಸದ್ದು ಮಾಡಲಿಲ್ಲ.

"ಅವ್ವಾರ, ನೀವು ಒಮ್ಮಿ ಹಿಡಿದು ನೋಡಂಗಿಲ್ಲೇನ್ರಿ?"

"ಬ್ಯಾಡವ್ವ. ಕೇಳೀನಿ, ಛಲೋ ಅದ. ತಗೊಂಡು ಹೋಗು."

ಭಾನುವಾರ ಸಂಜೆ ಮಾಸ್ತರರ ಫೋನ್ ಬಂತು. ನಾಲ್ವರನ್ನು ಆರಿಸಿದ್ದರು, ಪವಿತ್ರಾ ಐದನೆಯವಳು. ಊಟದ ನಂತರ ಗಾಳಿ ಎದ್ದು ಅವಳ ಬಾಣಗಳು ಬಲಕ್ಕೆ ಬಿದ್ದವಂತೆ. "ಬಿಲ್ಲಿಂದೇನೂ ತಪ್ಪಿಲ್ಲವ್ವ," ಎಂದರು ಮಾಸ್ತರರು. "ಹುಡುಗಿ ಬ್ಯಾಸರ ಮಾಡ್ಕೊಂಡಿಲ್ಲ, ನಾಳಿಂದನ ಬಯಲಿಗೆ ಬರ್ತೀನಿ ಅಂದಾಳ. ಇನ್ನೂ ಇಬ್ಬರು ಇಂಥಾದ ಬೇಕನ್ನಾಕತ್ತಾರ. ಆಗ್ತದೇನು?"

"ಮಾಡೋರು ಇಲ್ಲೇ ಅದಾರ್ರಿ, ಅವರನ್ನ ಕೇಳ್ರಿ," ಎಂದು ಫೋನನ್ನು ಗಂಡನ ಕೈಗಿತ್ತಳು. ಮಾನಪ್ಪ ಅವಳ ಮುಖ ನೋಡಿದ. ಆಮೇಲೆ, "ತಡ ಆಗ್ತದ್ರಿ. ಕಲ್ಯಾಕತ್ತೀನಿ," ಎಂದ.

ಮಂಗಳವಾರ ಮೌನಮ್ಮ ಎಂಟು ದಿನಕ್ಕೆಂದು ಎರಡು ಸೀರೆ ಚೀಲಕ್ಕೆ ಹಾಕಿಕೊಂಡು, ಕೊಡೇಕಲ್ಲಿನ ತಂಗಿ ಮಹಾನಂದಾಳ ಮನೆಗೆ ಹೊರಟಳು. ಬಸ್ಸಿನ ಕಿಟಕಿ ಪಕ್ಕ ಕೂತದ್ದಷ್ಟೇ ನೆನಪು. ಕಂಡಕ್ಟರ್ ಬಂದು, "ಯವ್ವಾ, ಕೊಡೇಕಲ್ ಬಂತು, ಇಳೀರಿ," ಎಂದು ಎರಡು ಸಲ ಕೂಗಿದ ಮೇಲೆ ಎಚ್ಚರವಾಯಿತು. ಕೆಳಗೆ ನಿಂತಿದ್ದ ಮಹಾನಂದಾ ಚೀಲ ಇಸಿದುಕೊಂಡು ಅಕ್ಕನ ಕೈಗಳನ್ನು ನೋಡಿದಳು.

"ನಡಿ, ಜ್ವಾಳದ ನುಚ್ಚು ಮಾಡೀನಿ," ಎಂದಳು. "ಉಂಡು ಮಲಕ್ಕೊ."

ಮೌನಮ್ಮ ಅವಳ ಹಿಂದೆ ನಡೆದಳು.