ಹನ್ನೊಂದು ಕಾಗದದ ಚೀಲ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ತಿಂಗಳು ಬಾಯಿ ಹೊಲಿದುಕೊಂಡು ಕೂತು ಕೂತು ನನಗೇ ಸಾಕಾಗಿಹೋಗಿದೆ.

ನಾನು ಮಡಗಾಸ್ಕರಿನವಳು, ಹೆಸರು ನುರು. ಭತ್ತ ಬೆಳೆಯುವವರ ಮನೆಯ ಮಗಳು. ಭತ್ತದ ಸಂಶೋಧನೆಗೆಂದೇ ಚೀನಾಕ್ಕೆ ಹೊರಟಾಗ ನನ್ನಜ್ಜಿ, "ಅಲ್ವೇ, ಭತ್ತ ಕಲಿಯೋಕೆ ಅಷ್ಟು ದೂರ ಹೋಗ್ಬೇಕಾ? ನಾವೇನು ಇಷ್ಟು ದಿನ ಗದ್ದೇಲಿ ಹುಲ್ಲು ಬೆಳೀತಿದ್ವಾ?" ಎಂದು ಕೇಳಿದ್ದಳು. ನಮ್ಮ ವಿಶ್ವವಿದ್ಯಾಲಯ ಹುನಾನಿನಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ಭತ್ತ ಬಾರದು. ಹಾಗಾಗಿ ನವೆಂಬರ್ ಬಂತೆಂದರೆ ಬೀಜದ ಮೂಟೆ, ಕುಕ್ಕರು, ಖಾರದ ಸೀಸೆ ಎಲ್ಲ ಹೊತ್ತುಕೊಂಡು ಇಡೀ ತಂಡ ಬೆಚ್ಚನೆಯ ಹೈನಾನ್ ದ್ವೀಪಕ್ಕೆ ಇಳಿಯುತ್ತದೆ. ಏಪ್ರಿಲ್ ತನಕ ಅಲ್ಲೇ ಬಿಡಾರ. ನಮ್ಮಂಥ ನೂರಾರು ತಂಡಗಳು ಅಕ್ಕಪಕ್ಕದ ಗದ್ದೆಗಳಲ್ಲಿ ಇರುತ್ತವೆ. ಒಂದು ಗದ್ದೆಯಲ್ಲಿ ಸೀನಿದರೆ ಹತ್ತನೇ ಗದ್ದೆಗೆ ಸುದ್ದಿ ಮುಟ್ಟುತ್ತದೆ.

ಫೂ ಚಿಕ್ಕಮ್ಮ ಅಲ್ಲಿ ನಮ್ಮ ಗದ್ದೆಯ ಪಕ್ಕದ ಊರಿನವಳು. ಐವತ್ತೆಂಟು ವಯಸ್ಸು, ಗಿಡ್ಡ ದೇಹ, ದೊಡ್ಡ ಗಂಟಲು. ಹದಿನೇಳು ಚಳಿಗಾಲ ನಮ್ಮ ಪ್ರೊಫೆಸರ್ ತಾನ್ ಅವರ ಗದ್ದೆಯಲ್ಲಿ ದುಡಿದವಳು. ಹೆಣ್ಣು ಮಾಡಬೇಕಾದ ತೆನೆಯ ಒಂದೊಂದು ಹೂವಿನ ಬಾಯಿ ಕತ್ತರಿಸಿ, ಒಳಗಿನ ಗಂಡು ಕೇಸರ ಕಿತ್ತು, ಬೇರೆ ಪರಾಗ ತಾಗದ ಹಾಗೆ ಕಾಗದದ ಚೀಲ ಕಟ್ಟುವುದು ಅವಳ ಕೆಲಸ. ಚೀಲದ ಮೇಲೆ ಪೆನ್ಸಿಲಿನಲ್ಲಿ ಕಟ್ಟಿದವರ ಹೆಸರು ಬರೆಯುವುದು ಅಲ್ಲಿಯ ಪದ್ಧತಿ. ಫೂ ಎಂದು ಬರೆದಿದ್ದರೆ ಯಾವ ತಂಡದವರೂ ಎರಡನೇ ಸಲ ನೋಡುತ್ತಿರಲಿಲ್ಲ. ಅವಳಿಗೂ ಅದರ ಜಂಬ ಇತ್ತು. ಇರಲಿ, ಇರಬೇಕಾದ ಜಂಬವೇ.

ನನ್ನ ಹೆಸರು ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ. "ಏ ನುಲು, ಆ ಇಕ್ಕಳ ಏನು ಗುದ್ದಲಿ ಥರ ಹಿಡ್ಕೊಂಡಿದೀಯ? ಹೂವಿಗೂ ಜೀವ ಇದೆ ಕಣೇ!" ಎಂದು ಬೈಯುವಳು. ಮಧ್ಯಾಹ್ನ ಆದರೆ ತನ್ನ ಡಬ್ಬಿಯ ಮೀನಿನಲ್ಲಿ ಅರ್ಧ ನನ್ನ ತಟ್ಟೆಗೆ ಬೀಳುತ್ತಿತ್ತು. "ತಿನ್ನು, ತಿನ್ನು. ನಿಮ್ಮಮ್ಮ ನೋಡಿದ್ರೆ ನನ್ನ ಮಗಳನ್ನ ಉಪವಾಸ ಕೆಡವಿದಾರೆ ಅಂತಾಳೆ."

ವಸಂತ ಹಬ್ಬಕ್ಕೆ ಚೀನೀ ಹುಡುಗರೆಲ್ಲ ಊರಿಗೆ ಹೋಗುತ್ತಾರೆ. ಗದ್ದೆ ಕಾಯಲು ಯಾರು ಉಳಿಯಬೇಕು? ಪರದೇಶದವಳು, ಇನ್ನಾರು! ನಮ್ಮ ಹಿರಿಯ ವಿದ್ಯಾರ್ಥಿನಿ ಯೂಟಿಂಗ್ ಅಕ್ಕ ಹೊರಡುವಾಗ ನಾಲ್ಕು ಸಲ ಹೇಳಿದಳು. "ಬೆಳಿಗ್ಗೆ ಏಳಕ್ಕೆ ಸಾಲು ಸುತ್ತು. ಗಾಳಿಗೆ ಚೀಲ ಬಿದ್ದಿದ್ರೆ ಹತ್ತೂವರೆ ಒಳಗೆ ಮತ್ತೆ ಕಟ್ಟು. ಆಮೇಲೆ ಸುತ್ತಲಿನ ಹೂ ಬಿಚ್ಚುತ್ತೆ, ಪರಾಗ ಹಾರುತ್ತೆ, ಎಲ್ಲ ಹಾಳು. ಸುತ್ತಿದ ಮೇಲೆ ಗುಂಪಿಗೆ ಫೋಟೋ ಹಾಕು." ದಿನಾ ಮೊಬೈಲಿನ ಗುಂಪಿಗೆ ಫೋಟೋ ಹಾಕದಿದ್ದರೆ ಕೆಲಸ ಆಗಿಲ್ಲವೆಂದೇ ಲೆಕ್ಕ.

ಹಬ್ಬದ ಹಿಂದಿನ ದಿನ ಸಂಜೆ ಫೂ ಚಿಕ್ಕಮ್ಮ ನನ್ನನ್ನು ಮನೆಗೆ ಎಳೆದುಕೊಂಡು ಹೋದಳು. ಕೋಳಿ, ತೆಂಗಿನ ಹಾಲಿನ ಅನ್ನ, ಮನೆಯಲ್ಲೇ ಹುಳಿಸಿದ ಅಕ್ಕಿಯ ಹೆಂಡ. ಸಿಹಿಯಾಗಿತ್ತು, ನೀರಿನ ಹಾಗೆ ಕುಡಿದೆ. "ಸಾಕು ಕಣೇ, ನಾಳೆ ಹಬ್ಬ ನಂಗೆ, ನಿಂಗಲ್ಲ. ಗದ್ದೆ ನೋಡ್ಬೇಕು ನೀನು" ಎಂದು ಅವಳೇ ಬಟ್ಟಲು ಕಸಿದುಕೊಂಡಳು.

ಕಣ್ಣು ಬಿಟ್ಟಾಗ ಗಂಟೆ ಹನ್ನೊಂದೂಕಾಲು. ಗದ್ದೆಗೆ ಓಡಿದೆ. ರಾತ್ರಿಯ ಗಾಳಿ ಎಲ್ಲರ ಗದ್ದೆಯಲ್ಲೂ ಚೀಲ ಕಿತ್ತಿತ್ತು. ಉಳಿದ ತಂಡದವರು ಬೆಳಿಗ್ಗೆಯೇ ಬಂದು ಸರಿ ಮಾಡಿಕೊಂಡು ಹೋಗಿದ್ದರು. ನನ್ನ ಸಾಲಿನಲ್ಲಿ ಹನ್ನೊಂದು ತೆನೆ ಬೆತ್ತಲೆ ನಿಂತಿದ್ದವು. ಸುತ್ತ ಹೂವೆಲ್ಲ ಬಿಚ್ಚಿ ಪರಾಗ ಹೊಗೆಯ ಹಾಗೆ ಹಾರುತ್ತಿತ್ತು.

ಆ ಹನ್ನೊಂದನ್ನು ಕತ್ತರಿಸಿ ಎಸೆದಿದ್ದರೆ ಮುಗಿದಿತ್ತು. ಒಂದು ಬೈಗುಳ ತಿನ್ನುತ್ತಿದ್ದೆ, ಅಷ್ಟೇ ತಾನೇ? ನಾನು ಹೇಡಿ. ಪರದೇಶದವಳನ್ನು ನಂಬಿ ಬಿಟ್ಟುಹೋದರೆ ಕುಡಿದು ಮಲಗಿದಳು ಎಂಬ ಮಾತು ಬರುತ್ತದಲ್ಲ, ಅದಕ್ಕೆ ಹೆದರಿದೆ. ಕೆಸರಿನಲ್ಲಿ ಬಿದ್ದಿದ್ದ ಚೀಲಗಳನ್ನು ಒರೆಸಿ, ಫೂ ಚಿಕ್ಕಮ್ಮನ ಹೆಸರಿದ್ದ ಹಾಗೇ ತೆನೆಗೆ ಕಟ್ಟಿದೆ. ಗುಂಪಿಗೆ ಹಿಂದಿನ ದಿನದ ಫೋಟೋ ಹಾಕಿದೆ. ಪ್ರೊಫೆಸರ್ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ, ಹಬ್ಬದ ದಿನವೂ ಬೇಗ ಎದ್ದಿದ್ದಕ್ಕೆ ಮೆಚ್ಚಿಗೆ ಬರೆದರು.

ಏಪ್ರಿಲಿನಲ್ಲಿ ಆ ಸಾಲಿನ ಬೀಜವನ್ನೆಲ್ಲ ಒಟ್ಟಿಗೆ ಬೆರೆಸಿ ಹುನಾನಿಗೆ ಒಯ್ದೆವು. ಜುಲೈಯಲ್ಲಿ, ಎಲ್ಲ ಒಂದೇ ಥರ ಬೆಳೆಯಬೇಕಿದ್ದ ಗದ್ದೆ ನೋಡಿದರೆ ಒಂದು ಗಿಡ ಎದೆಯುದ್ದ, ಇನ್ನೊಂದು ಮೊಣಕಾಲುದ್ದ, ಮತ್ತೊಂದರ ಕಾಳಿಗೆ ಮೀಸೆ. ಇಡೀ ಸಾಲು ಕಲಬೆರಕೆ. ಒಂದು ವರ್ಷದ ಕೆಲಸ ತಿಪ್ಪೆಗೆ ಹೋಯಿತು.

ಸೋಮವಾರದ ಸಭೆಯಲ್ಲಿ ಪ್ರೊಫೆಸರ್ ತಾನ್ ಕೂಗಾಡಲಿಲ್ಲ. ಹಳೆಯ ಚೀಲಗಳ ಕಟ್ಟು ತರಿಸಿ, ಮೇಲಿನ ಹೆಸರು ಓದಿ, ಕನ್ನಡಕ ತೆಗೆದಿಟ್ಟರು. "ಫೂ ಕಟ್ಟಿದ್ದು. ಪಾಪ, ವಯಸ್ಸಾಯ್ತು, ಗಂಟು ನಿಲ್ತಿಲ್ಲ ಅಂತ ಕಾಣುತ್ತೆ. ಮುಂದಿನ ವರ್ಷ ಬೇರೆಯವರನ್ನ ನೋಡಿ." ಯೂಟಿಂಗ್ ಅಕ್ಕ ನನ್ನ ಭುಜ ತಟ್ಟಿ, "ನಿನ್ನ ತಪ್ಪೇನಿಲ್ಲ, ಅಳಬೇಡ" ಎಂದಳು. ನಾನು ಅಳುತ್ತಿದ್ದದ್ದು ನಿಜ. ಬಾಯಿ ಮಾತ್ರ ಬಿಡಲಿಲ್ಲ.

ಈ ನವೆಂಬರಿನಲ್ಲಿ ಮತ್ತೆ ಹೈನಾನಿಗೆ ಬಂದೆವು. ಊರಿನವರ ಕೈಯಲ್ಲಿ ಮೊದಲೇ ಬಿತ್ತಿಸಿದ್ದ ಒಂದಿಷ್ಟು ಸಾಲುಗಳು ಆಗಲೇ ತೆನೆ ಬಿಟ್ಟಿದ್ದವು. ಫೂ ಚಿಕ್ಕಮ್ಮನ ಜಾಗದಲ್ಲಿ ಮೇಯಿ ಎಂಬ ಹೊಸಬಳಿದ್ದಳು. "ಫೂ ಚಿಕ್ಕಮ್ಮ ಯಾವ ಗದ್ದೆಯಲ್ಲಿದಾಳೆ?" ಎಂದು ಕೇಳಿದೆ.

"ಅವಳನ್ನ ಯಾರು ಕರೀತಾರೆ?" ಮೇಯಿ ನಕ್ಕಳು. "ನಿಮ್ಮವರೇ ಬಿಟ್ಟ ಮೇಲೆ ಉಳಿದವರು ಮುಟ್ತಾರಾ? ಹದಿನೇಳು ವರ್ಷ ಮೆರೆದಳಲ್ಲ, ನನ್ನ ಗಂಟು, ನನ್ನ ಗಂಟು ಅಂತ! ಬಿಚ್ಚಿಕೊಳ್ತು ನೋಡು."

ಸುತ್ತಲಿನ ಹೆಂಗಸರೂ ನಕ್ಕರು. ಅರ್ಧ ಉಂಡಿದ್ದ ಡಬ್ಬಿ ಮುಚ್ಚಿ ಅಲ್ಲಿಂದ ನೇರ ಫೂ ಚಿಕ್ಕಮ್ಮನ ಮನೆಗೆ ನಡೆದೆ.

ಅಂಗಳದಲ್ಲಿ ಮೊಣಕಾಲಿನ ಮೇಲೆ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡಕೂಡಲೇ ಎದ್ದಳು. ಬೈಯುತ್ತಾಳೆಂದು ಕಾದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಬಂದ್ಯಾ ನುಲು! ನಾನೇ ಬರೋಣ ಅಂದ್ಕೊಂಡಿದ್ದೆ, ಮುಖ ಇರಲಿಲ್ಲ ಕಣೇ. ನಿನ್ನ ಒಂದು ವರ್ಷ ನನ್ನಿಂದ ಮಣ್ಣುಪಾಲಾಯ್ತಲ್ಲ. ಅಷ್ಟು ದೂರದಿಂದ ಓದೋಕೆ ಬಂದೋಳು ನೀನು. ಈ ಹಾಳು ಕೈ..." ಎಂದು ತನ್ನ ಬೆರಳುಗಳನ್ನು ತಾನೇ ತಿರುಗಿಸಿ ನೋಡಿಕೊಂಡಳು. "ಈಗ ಮನೇಲಿ ಅಕ್ಕಿ ಚೀಲದ ಬಾಯಿ ಕಟ್ಟೋಕೂ ಸೊಸೇನ ಕರೀತೀನಿ. ನಂಬಿಕೇನೇ ಹೋಗಿದೆ."

ಅಯ್ಯೋ ದೇವರೇ, ಅವಳು ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

"ಚಿಕ್ಕಮ್ಮ, ನಿನ್ನ ಗಂಟು ಸರಿ ಇತ್ತು" ಎಂದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹನ್ನೊಂದೂಕಾಲಿಗೆ ಎದ್ದದ್ದು, ಹನ್ನೊಂದು ಚೀಲ, ಒರೆಸಿ ಕಟ್ಟಿದ್ದು, ಹಳೆಯ ಫೋಟೋ, ಸಭೆಯಲ್ಲಿ ಸುಮ್ಮನೆ ಕೂತದ್ದು. ಹೇಳುತ್ತಾ ಹೇಳುತ್ತಾ ನೆಲಕ್ಕೆ ಕುಸಿದು ಅವಳ ಕಾಲು ಹಿಡಿದುಕೊಂಡೆ.

ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಈಗ ಹಗುರ ಆಯ್ತಾ ನಿಂಗೆ?" ಎಂದಳು.

ನಾನು ಬಿಕ್ಕುತ್ತಾ ತಲೆಯಾಡಿಸಿದೆ.

"ಆಗುತ್ತೆ. ನಿಂಗೆ ಆಗುತ್ತೆ. ಇಲ್ಲಿ ಯಾರಿದಾರೆ ಕೇಳೋಕೆ? ನಾನು, ಎರಡು ಕೋಳಿ. ನನ್ನ ಹೆಸರು ಕೆಡಿಸಿದ್ದು ಈ ಅಂಗಳದಲ್ಲಾ? ಏಳು ಮೇಲೆ. ಗಾಡಿ ಹತ್ತು."

"ಚಿಕ್ಕಮ್ಮ, ಇವತ್ತು ಪ್ರೊಫೆಸರ್ ಬಂದಿದಾರೆ..."

"ಒಳ್ಳೇದೇ ಆಯ್ತು. ಹತ್ತು ಅಂದ್ನಲ್ಲ!"

ಅವಳ ಬ್ಯಾಟರಿ ಸ್ಕೂಟರಿನ ಹಿಂದೆ ಕೂತೆ. ಹಿಡಿದುಕೊಳ್ಳಲು ಅವಳ ಅಂಗಿ ಮುಟ್ಟುವುದಕ್ಕೂ ನನಗೆ ಧೈರ್ಯ ಬರಲಿಲ್ಲ, ಸೀಟಿನ ಕಂಬಿ ಹಿಡಿದೆ.

ಗದ್ದೆಯ ಚಪ್ಪರದಡಿ ಎಲ್ಲರೂ ಇದ್ದರು. ನಮ್ಮ ತಂಡ, ಪಕ್ಕದ ಎರಡು ತಂಡ, ಹೆಂಗಸರು, ನೀರಿನ ಲೋಟ ಹಿಡಿದು ನಿಂತ ಪ್ರೊಫೆಸರ್. ಫೂ ಚಿಕ್ಕಮ್ಮ ನನ್ನನ್ನು ನಡುವಿಗೆ ತಳ್ಳಿ, "ಇವಳೇನೋ ಹೇಳ್ಬೇಕಂತೆ. ಗಟ್ಟಿಯಾಗಿ ಹೇಳ್ತಾಳೆ" ಎಂದಳು.

ಹೇಳಿದೆ. ನನ್ನ ಚೀನೀ ಭಾಷೆ ಅವತ್ತಿನಷ್ಟು ಮುಗ್ಗರಿಸಿದ್ದು ಹಿಂದೆಂದೂ ಇಲ್ಲ. ಕುಡಿದದ್ದನ್ನು ಹೇಳಿದಾಗ ಯಾರೋ ಕಿಸಕ್ಕೆಂದರು. ಫೋಟೋ ವಿಷಯ ಬಂದಾಗ ಯಾರೂ ನಗಲಿಲ್ಲ. ಹಿಂದಿನಿಂದ ಫೂ ಚಿಕ್ಕಮ್ಮ, "ಕೇಳಿಸ್ತಿಲ್ಲ. ಚೀಲ ಯಾಕೆ ಬಿತ್ತು ಅಂತ ಇನ್ನೊಂದ್ಸಲ ಹೇಳು" ಎಂದಳು. "ಗಾಳಿಗೆ. ಎಲ್ಲರ ಗದ್ದೆಯಲ್ಲೂ ಬಿದ್ದಿತ್ತು. ನಾನು ಎದ್ದಿರಲಿಲ್ಲ" ಎಂದೆ. ಮೇಯಿ ತಲೆ ತಗ್ಗಿಸಿ ಚಪ್ಪಲಿಯ ಕೆಸರು ಕೆರೆಯತೊಡಗಿದಳು. ಯೂಟಿಂಗ್ ಅಕ್ಕ ಮುಖ ಆ ಕಡೆ ತಿರುಗಿಸಿದಳು.

ಪ್ರೊಫೆಸರ್ ತಾನ್ ಲೋಟ ಕೆಳಗಿಟ್ಟರು. "ನಿನ್ನ ಪ್ರಬಂಧ ಈ ವರ್ಷ ಇಲ್ಲ. ಮೊದಲಿಂದ ಶುರು ಮಾಡು" ಎಂದು ನನಗೆ ಹೇಳಿ, ಫೂ ಚಿಕ್ಕಮ್ಮನ ಮುಂದೆ ಬಂದು ಸೊಂಟ ಬಗ್ಗಿಸಿ ನಿಂತರು. "ಅಕ್ಕ, ನಾನೂ ಕೇಳದೆ ತೀರ್ಮಾನ ಮಾಡಿದೆ. ತಪ್ಪಾಯ್ತು. ನಾಳೆಯಿಂದ ಕೆಲಸಕ್ಕೆ ಬಾ."

ಅವಳು ಮೇಜಿನ ಮೇಲಿದ್ದ ಕಾಗದದ ಚೀಲವೊಂದನ್ನು ಎತ್ತಿಕೊಂಡಳು. ಗದ್ದೆಯ ಅಂಚಿಗೆ ಹೋಗಿ ಒಂದು ಗಿಡದ ತುದಿಗೆ ಅದನ್ನು ಹಾಕಿ ಗಂಟು ಬಿಗಿದಳು. ಎಳೆದು ನೋಡಿದಳು. ಇನ್ನೊಮ್ಮೆ ಎಳೆದಳು. ಅದು ಅಲುಗಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬರ್ತೀನಿ ಸರ್" ಎಂದಳು ತಿರುಗಿ. "ಇವಳ ಸಾಲಿಗೆ ಮಾತ್ರ ಹಾಕ್ಬೇಡಿ."

ಮರುದಿನ ಬೆಳಿಗ್ಗೆ ಏಳಕ್ಕೆ ಬಂದಳು. ನನ್ನಿಂದ ನಾಲ್ಕು ಸಾಲು ಆಚೆ ಕೂತು, ಪಕ್ಕದ ಹುಡುಗಿಗೆ ಇಕ್ಕಳ ಹಿಡಿಯುವುದು ಹೇಗೆಂದು ಬೈದು ಬೈದು ಕಲಿಸುತ್ತಿದ್ದಳು. ನನ್ನನ್ನು ಬೈಯಲು ಯಾರೂ ಇರಲಿಲ್ಲ. ನನ್ನ ಚೀಲಗಳನ್ನು ನಾನೇ ಕಟ್ಟಿ, ಒಂದೊಂದರ ಮೇಲೂ ನನ್ನ ಹೆಸರು ಬರೆದೆ.